ಇನ್ನೊಂದು ಗೇಣು

"ಕತ್ತಿಗೆ ಬೇಡ ಕಣ್ರೀ! ಕತ್ತಿಗೆ ಬಿಸಿನೀರು ಹಾಕ್ಬೇಡಿ, ಅತ್ತೆಗೆ ಉರಿಯತ್ತೆ."

ವನಿತಾ ಚೊಂಬಿಗೆ ಕೈ ಅಡ್ಡ ತಂದಳು. ನೀರು ಅವಳ ಮೊಣಕೈ ಮೇಲೆ ಸುರಿದು ಹಿತ್ತಲಿನ ಚಪ್ಪಡಿಕಲ್ಲಿನ ಮೇಲೆ ಹರಿಯಿತು. ಚೊಂಬು ಹಿಡಿದಿದ್ದ ಪಕ್ಕದ ಮನೆಯಾಕೆ ಹಾಗೇ ನಿಂತುಬಿಟ್ಟಳು. ಸುತ್ತ ಸೀರೆ ಹಿಡಿದು ಮರೆ ಮಾಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ವನಿತಾಗೂ ಅರಿವಾಯಿತು. ಕೈ ತೆಗೆದಳು.

"ಹಾಕಿ. ಅಭ್ಯಾಸ ಆಗ್ಬಿಟ್ಟಿದೆ ನಂಗೆ," ಎಂದಳು.

ಕಲ್ಲಿನ ಮೇಲೆ ಒರಗಿಸಿ ಕೂರಿಸಿದ್ದ ಮುನಿಯಲ್ಲಮ್ಮನಿಗೆ ಈಗ ಯಾವ ನೀರೂ ಬಿಸಿಯಲ್ಲ. ಬೆಳಗ್ಗೆ ಶುಕ್ರವಾರದ ಸ್ನಾನ ಮಾಡಿ, ಎರಡು ಇಡ್ಲಿ ತಿಂದು, ನಡುಮನೆಯ ಗೋಡೆಗೆ ಒರಗಿ ಕೂತವಳು ಹಾಗೆಯೇ ಹೋಗಿಬಿಟ್ಟಿದ್ದಳು. ಸೊಸೆ ವನಿತಾ ಕಾಫಿ ಲೋಟ ಹಿಡಿದುಕೊಂಡು ಬಂದು ಅತ್ತೆ, ಅತ್ತೆ ಎಂದು ಕರೆದಾಗ ಲೋಟ ಈಸಿಕೊಳ್ಳಲು ಆ ಕೈ ಬರಲಿಲ್ಲ.

ಸೆರಗು ಸರಿದಿತ್ತು. ಕೋಗಿಲು ಊರಿನ ಆ ಬೀದಿಯ ಹೆಂಗಸರು ಮುನಿಯಲ್ಲಮ್ಮನ ಬಲಗತ್ತನ್ನು ನೋಡಿದ್ದು ಅದೇ ಮೊದಲು. ಕಿವಿಯ ಹಿಂದಿನಿಂದ ಹೊರಟ ಗಾಯದ ಗೆರೆ ದವಡೆಯ ಕೆಳಗೆ ಬಳಸಿಕೊಂಡು, ಕತ್ತಿನ ಮಗ್ಗುಲಲ್ಲಿ ಇಳಿದು, ಎದೆಯ ಮೇಲಿನ ಮೂಳೆಯ ಹತ್ತಿರ ನಿಂತಿತ್ತು. ಮುದ್ದೆಗೆ ಯಾರೋ ಬೆರಳೊತ್ತಿ ತೆಗೆದ ಹಾಗೆ ಆ ಪಕ್ಕದ ಕತ್ತು ಒಳಕ್ಕೆ ಹೋಗಿತ್ತು. ಬಲ ಹೆಗಲು ಎಡ ಹೆಗಲಿಗಿಂತ ತಗ್ಗು.

"ಅದು ವಾಪಸ್ ಬಂದಿತ್ತಾ, ವನಿತಾ?" ಎಂದು ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು.

"ಇಲ್ಲಪ್ಪ. ಕ್ಲಿನಿಕ್ ಡಾಕ್ಟ್ರು ಬಂದು ನೋಡಿದ್ರು. ಹಾರ್ಟ್ ಅಂದ್ರು. ನೋವು ಗೊತ್ತಾಗಿರಲ್ವಂತೆ. ಅದು ವಾಪಸ್ ಬರಲೇ ಇಲ್ಲ."

"ಸದ್ಯ!"

ಬೆಳಗ್ಗಿನಿಂದ ಆ ಮನೆಯಲ್ಲಿ ಅಳುವಿಗಿಂತ ಹೆಚ್ಚಾಗಿ ಈ ಒಂದು ಮಾತೇ ಓಡಾಡುತ್ತಿತ್ತು. ಬಂದವರೆಲ್ಲ ಅದನ್ನೇ ಕೇಳಿದರು, ಅದಲ್ಲ ಎಂದು ತಿಳಿದಾಗ ಉಸಿರು ಬಿಟ್ಟು ಕೂತರು.

ಹಿತ್ತಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವಳು ಮಾತ್ರ ಉಸಿರು ಬಿಟ್ಟಿರಲಿಲ್ಲ. ಅವಳು ಗಂಗರತ್ನಮ್ಮ, ಮುನಿಯಲ್ಲಮ್ಮನ ಗಂಡನ ಅಕ್ಕ, ಸಂಜಯನಗರದವಳು. ಗಂಡ ಇಲ್ಲದವಳು ಮುತ್ತೈದೆ ಶವದ ಕೆಲಸಕ್ಕೆ ಕೈ ಹಾಕಬಾರದೆಂದು ತಾನೇ ದೂರ ಕೂತಿದ್ದಳು. ಕೈ ಹಾಕದಿದ್ದರೂ ಅಲ್ಲಿ ನಡೆಯುತ್ತಿದ್ದ ಕೆಲಸವೆಲ್ಲ ಅವಳ ಅಪ್ಪಣೆಯದೇ.

"ಅರಿಸ್ನ ಆಯ್ತಾ? ಬಳೆ ತೊಡಿಸಿದ್ರಾ? ಸರಿ. ತಾಳಿ ಎಲ್ಲಿ?"

ಬಳೆ ತೊಡಿಸಿದವಳು ನಡುಮನೆಯ ಕಡೆ ತಿರುಗಿ ನೋಡಿದಳು.

"ಆ ಮೊಳೆ ಮ್ಯಾಲೇ ಐತೇನು ಇನ್ನೂವೆ?"

"ಅಲ್ಲೇ ಇದೆ ದೊಡ್ಡತ್ತೆ," ಎಂದಳು ವನಿತಾ. "ಅದನ್ನ ಬಿಟ್ಬಿಡೋಣ. ಅವರ ಕತ್ತಿಗೆ ಒಂದು ನೂಲು ತಾಗಿದ್ರೂ ಬೆಂಕಿ ಬಿದ್ದಂಗೆ ಆಗ್ತಿತ್ತು. ಬ್ಲೌಸ್ ಕೂಡಾ ಈ ಕಡೆ ಅಗಲ ಇಟ್ಟು ಹೊಲಿಸ್ತಿದ್ವಿ."

"ಸತ್ತೋರಿಗೆ ಏನೇ ಉರಿ? ಗಂಡ ಗುಂಡುಕಲ್ಲಂಗೆ ಮುಂದ್ಗಡೆ ಕೂತವ್ನೆ. ಇವಳು ಬರಿಗತ್ತಲ್ಲಿ ಒಂಟೋದ್ರೆ ನಾಳೆ ಜನ ಏನಂದಾರು? ಇವಳ ಅಣೇಲಿರೋ ಕುಂಕುಮ ಯಾರು ಇಸ್ಕೊಂತಾರೆ? ಓಗು, ನಿಮ್ಮ ಮಾವನ್ನ ಕರಿ. ಅವನೇ ತಂದು ಕಟ್ಲಿ."

* * *

ಮುನಿಯಲ್ಲಮ್ಮನ ಗಂಡ ಬ್ಯಾಟರಾಯಪ್ಪ ಮನೆಯ ಮುಂದಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಅರ್ಧ ಶಟರ್ ಇಳಿಸಿ ಕೂತಿದ್ದ. ಸುತ್ತ ಬಿಚ್ಚಿಟ್ಟ ಬೋರ್‌ವೆಲ್ ಮೋಟಾರುಗಳು, ತಾಮ್ರದ ತಂತಿಯ ಉಂಡೆಗಳು. ಮಗ ಸುರೇಶ್ ಬಗ್ಗಿ ಒಳಗೆ ಬಂದು, ಹಳೇ ತೋಟದ ಮೂಲೆಯಲ್ಲಿ ಗುಂಡಿ ತೆಗೆಸುತ್ತಿರುವುದನ್ನು ಹೇಳಿದ. ಪಕ್ಕದ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದಾರೆ ಎಂದ.

"ನೋಡ್ಲಿ ಬಿಡು. ನಿಮ್ಮಮ್ಮನೂ ಅವರ್ನ ದಿನಾ ನೋಡ್ತಿದ್ಳು."

"ಅಪ್ಪ, ಸಂಜಯನಗರದ ಅತ್ತೆ ತಾಳಿ ವಿಷಯ ಎತ್ತಿದ್ದಾರೆ. ನೀವೇ ಕಟ್ಬೇಕಂತೆ."

ಬ್ಯಾಟರಾಯಪ್ಪ ತಲೆಯಾಡಿಸಿದ. ಬೆಳಗ್ಗಿನಿಂದ ಅವನು ಕಾದು ಕೂತಿದ್ದುದು ಈ ಮಾತಿಗೇ.

ಕಟ್ಟಿದರೆ ಹೆಂಡತಿಗೆ ಕೊಟ್ಟ ಮಾತು ಮುರಿದ ಹಾಗೆ. ಕಟ್ಟದಿದ್ದರೆ ಅವಳನ್ನು ಬರಿಗತ್ತಿನಲ್ಲಿ ಕಳಿಸಿದ ಎಂದು ಅಕ್ಕ ಸಾಯುವವರೆಗೆ ಹೇಳುತ್ತಾಳೆ. ಅದನ್ನೂ ಸಹಿಸಬಹುದು. ಅವನ ಎದೆಗೆ ಒತ್ತುತ್ತಿದ್ದುದು ಬೇರೆ. ಮುನಿಯಲ್ಲಮ್ಮನ ಕೈ ಆ ಮೊಳೆಯನ್ನು ಮುಟ್ಟದೆಯೇ ಹೋಯಿತಲ್ಲ. ಒಂದು ಗೇಣು ಬಾಕಿ ಉಳಿಸಿಕೊಂಡು, ತಾನು ಅರ್ಧ ಮುತ್ತೈದೆ ಎಂದು ಒಳಗೇ ಕೊರಗಿಕೊಂಡು ಹೋದಳೋ ಏನೋ. ಅದನ್ನು ಅವನು ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಇನ್ನು ಕೇಳುವ ಹಾಗಿಲ್ಲ.

* * *

ಏರ್‌ಪೋರ್ಟು ದೇವನಹಳ್ಳಿ ಕಡೆಗೆ ಬಂದ ಮರುವರ್ಷ, ಮುನಿಯಲ್ಲಮ್ಮನ ಬಲಗೆನ್ನೆಯ ಒಳಗೆ ಒಂದು ಹುಣ್ಣು ಎದ್ದಿತ್ತು. ಎಲೆಯಡಿಕೆ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿಟ್ಟುಕೊಳ್ಳುತ್ತಿದ್ದ ಜಾಗ ಅದು. ಖಾರ ತಾಗಿದರೆ ಉರಿಯುತ್ತದೆ ಎಂದು ಅವಳು ಸಾರಿಗೆ ಖಾರ ಕಡಿಮೆ ಮಾಡಿದಳೇ ಹೊರತು ಯಾರಿಗೂ ಹೇಳಲಿಲ್ಲ. ದವಡೆಯ ಕೆಳಗೆ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಾಗ ಗಂಡನಿಗೆ ಹೇಳಿದಳು. ಅದರಲ್ಲಿ ನೋವೇ ಇರಲಿಲ್ಲ. ನೋವಿಲ್ಲದ್ದೇ ಅವನಿಗೆ ಹೆದರಿಕೆ ತಂದಿತು.

ದೊಡ್ಡಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತನ್ನ ಕತ್ತಿನ ಮೇಲೇ ಬೆರಳೆಳೆದು ತೋರಿಸಿದಳು.

"ಹುಣ್ಣು ಚಿಕ್ಕದಮ್ಮ, ಅದನ್ನ ತೆಗೀತೀವಿ. ಆದರೆ ಈ ಕಾಯಿಲೆ ಬಾಯಿಂದ ಹೊರಟ್ರೆ ಮೊದಲು ಬಂದು ಕೂರೋದು ಈ ಕತ್ತಿನ ಗ್ರಂಥಿಗಳಲ್ಲಿ. ಒಂದು ಕೈಗೆ ಸಿಕ್ಕಿದೆ. ಸಿಗದೇ ಇರೋದು ಎಷ್ಟಿದ್ಯೋ ಗೊತ್ತಿಲ್ಲ. ಅದಕ್ಕೆ ಕಿವಿ ಹತ್ರದಿಂದ ಇಲ್ಲೀವರೆಗೆ ಎಲ್ಲಾನೂ ತೆಗೆದುಬಿಡ್ತೀವಿ."

"ಎಲ್ಲಾ ತೆಗೆದ್ರೆ ಕತ್ತು ನಿಲ್ತದಾ?" ಎಂದು ಮುನಿಯಲ್ಲಮ್ಮ ಕೇಳಿದಳು.

"ನಿಲ್ಲುತ್ತೆ," ಡಾಕ್ಟರು ನಕ್ಕಳು. "ಹೆಗಲಿಗೆ ಹೋಗೋ ನರ ಒಂದು ಅಲ್ಲೇ ಹಾದುಹೋಗುತ್ತೆ. ಉಳಿಸೋಕೆ ನೋಡ್ತೀವಿ. ಆದ್ರೂ ಬಲಗೈ ಮೇಲಕ್ಕೆ ಎತ್ತೋದು ಕಷ್ಟ ಆಗ್ಬಹುದು."

ಮುನಿಯಲ್ಲಮ್ಮ ಎಲ್ಲಕ್ಕೂ ಒಪ್ಪಿದಳು. ಆಪರೇಷನ್ ದಿನ ನರ್ಸು ಬಂದು ಮೈಮೇಲಿನ ಒಡವೆ ತೆಗೆಯಲು ಹೇಳಿದಾಗ ಓಲೆ, ಮೂಗುತಿ, ಕಾಲುಂಗುರ ಎಲ್ಲ ಬಿಚ್ಚಿ ಕೊಟ್ಟಳು. ಆಮೇಲೆ ತಾಳಿಯ ಮೇಲೆ ಅಂಗೈ ಮುಚ್ಚಿಕೊಂಡಳು.

"ಅದೂ ತೆಗೀಬೇಕಮ್ಮ. ಕುಯ್ಯೋದೇ ಅಲ್ಲಿ."

"ಇದು ಬ್ಯಾಡ."

ಬೆಂಚಿನ ಮೇಲೆ ಕೂತಿದ್ದ ಗಂಗರತ್ನಮ್ಮ ಎದ್ದು ನಿಂತಳು. ಆಗ ಅವಳ ಕತ್ತಿನಲ್ಲೂ ತಾಳಿ ಇತ್ತು. "ಗಂಡ ಎದುರ್ಗೇ ನಿಂತವ್ನೆ, ತಾಳಿ ತೆಗೆಯೋದುಂಟೇನಮ್ಮ? ಅವನ ಆಯಸ್ಸಿನ ಗತಿ ಏನು? ನಮ್ಮ ಮನೇಲಿ ಯಾರೂ ತೆಗೆದಿಲ್ಲ."

ನರ್ಸು ಹೇಳಿದಳು, ಡಾಕ್ಟರು ಹೇಳಿದಳು, ಬ್ಯಾಟರಾಯಪ್ಪನೂ ಹೇಳಿದ. ಮುನಿಯಲ್ಲಮ್ಮನ ಅಂಗೈ ಮಾತ್ರ ಎದೆಯಿಂದ ಏಳಲಿಲ್ಲ. ಕೊನೆಗೆ ತಳ್ಳುಮಂಚ ಅವಳನ್ನು ಬಿಟ್ಟು ಪಕ್ಕದ ಹಾಸಿಗೆಯ ನಜ್ಮುನ್ನೀಸಾಳನ್ನು ಹತ್ತಿಸಿಕೊಂಡು ಹೋಯಿತು. ಅವಳು ಆರ್.ಟಿ. ನಗರದ ಟೈಲರಮ್ಮ, ಅವಳದೂ ಅದೇ ಕಾಯಿಲೆ, ಅದೇ ಕತ್ತು. ಹೋಗುತ್ತ ಹೋಗುತ್ತ, "ಅಕ್ಕ, ನಿಮ್ಮ ತಾಳಿ ನನ್ನ ಕತ್ತು ಕುಯ್ಸಿಬಿಡ್ತಲ್ಲ!" ಎಂದಳು. ಹೆದರಿಕೆಯಲ್ಲೂ ಮುನಿಯಲ್ಲಮ್ಮನಿಗೆ ನಗು ಬಂತು.

ಸರದಿ ಮತ್ತೆ ಬರುವುದಕ್ಕೆ ಒಂದು ವಾರವಾಯಿತು. ಆ ವಾರದಲ್ಲಿ ಗಂಟು ಬೆಳೆಯುತ್ತಿದೆಯೇನೋ ಎಂದು ಬ್ಯಾಟರಾಯಪ್ಪ ಹಗಲೆಲ್ಲ ಅದನ್ನೇ ನೋಡುತ್ತಿದ್ದ. ಕೊನೆಗೆ ಒಂದು ಬೆಳಗ್ಗೆ ಸುತ್ತಿಗೆ ಹಿಡಿದು ಹೆಂಡತಿಯನ್ನು ನಡುಮನೆಗೆ ಕರೆದ. ದೇವರ ಗೂಡಿನ ಪಕ್ಕದ ಗೋಡೆಗೆ ಅವಳನ್ನು ನಿಲ್ಲಿಸಿ, ಬಲಗೈ ಆದಷ್ಟು ಮೇಲಕ್ಕೆ ಎತ್ತಲು ಹೇಳಿದ. ಅವಳ ನಡುಬೆರಳು ಮುಟ್ಟಿದ ಕಡೆ ಮೊಳೆ ಹೊಡೆದ. ಅಕ್ಕನನ್ನೂ ಕರೆಸಿದ್ದ.

"ಕೇಳ್ಸಿಕೋ ಅಕ್ಕ. ತಾಳಿ ಪೆಟ್ಟಿಗೆ ಒಳಕ್ಕೆ ಓಗಾಕಿಲ್ಲ, ದೇವರ ಪಕ್ಕದಲ್ಲೇ ಇರ್ತದೆ. ಆಪರೇಶನ್ ಆದ್ಮೇಲೆ ಇವಳ ಬಲಗೈ ಮತ್ತೆ ಯಾವತ್ತು ಈ ಮೊಳೆ ಮುಟ್ತದೋ, ಅವತ್ತು ಇವಳೇ ತೆಗೆದು ಆಕ್ಕಂತಾಳೆ. ಅಲ್ಲೀಗಂಟ ಬೇರೆ ಯಾರೂ ಅದನ್ನ ಇವಳ ಕತ್ತಿಗೆ ಆಕಂಗಿಲ್ಲ. ಅಲ್ಲೀಗಂಟ ನಾನೂ ಸಾಯಾಕಿಲ್ಲ, ದೇವರಾಣೆ."

"ಸಾಯಾಕಿಲ್ಲ ಅಂತ ಆಣೆ ಆಕೋಕೆ ನೀನ್ಯಾವೋನ್ಲಾ?" ಎಂದಳು ಅಕ್ಕ.

ಮುನಿಯಲ್ಲಮ್ಮ ಇಬ್ಬರನ್ನೂ ನೋಡಿದಳು. ಆಮೇಲೆ ತಾನೇ ತಾಳಿ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮೊಳೆಗೆ ತೂಗುಹಾಕಿದಳು. ಬಲಗೈ ಅಷ್ಟು ಸುಲಭವಾಗಿ ಮೇಲೆದ್ದದ್ದು ಅದೇ ಕೊನೆ.

* * *

ಆಸ್ಪತ್ರೆಯಿಂದ ಬಂದಾಗ ಅವಳ ಕತ್ತಿನಿಂದ ಗಾಯದ ನೀರು ಬಸಿಯುವ ಒಂದು ನಳಿಕೆ ಇಳಿದು ಪುಟ್ಟ ಡಬ್ಬಿಗೆ ಸೇರಿತ್ತು. ಡಬ್ಬಿ ಇಟ್ಟುಕೊಳ್ಳಲು ನಜ್ಮುನ್ನೀಸಾ ತನಗೊಂದು ಅವಳಿಗೊಂದು ಹೂವಿನ ಬಟ್ಟೆಯ ಚೀಲ ಹೊಲಿದಿದ್ದಳು. ಬಲಗಿವಿಯ ಹಾಲೆ ಮರಗಟ್ಟಿತ್ತು. ಓಲೆ ಕಳಚಿ ಸಾರಿನ ಪಾತ್ರೆಗೆ ಬಿದ್ದರೂ ಗೊತ್ತಾಗಲಿಲ್ಲ. ಊಟಕ್ಕೆ ಕೂತ ಸುರೇಶನ ಹಲ್ಲಿಗೆ ಸಿಕ್ಕಿತು. ಆಮೇಲೆ ಕತ್ತಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರೆ ಎಂದಾಗ ಬ್ಯಾಟರಾಯಪ್ಪ, "ಅದಕ್ಕೆ ಅಷ್ಟು ದೂರ ಯಾಕೆ ಓಗ್ಬೇಕು, ನಮ್ಮ ಅಂಗಡೀಲೇ ಐತಲ್ಲ," ಎಂದ. ಅವಳು ಬಾಯಿ ತೆರೆದು ನಗಲಾರದೆ ಹೊಟ್ಟೆ ಹಿಡಿದುಕೊಂಡಳು.

ಕರೆಂಟು ಮುಗಿದ ಮೇಲೆ ಕಿವಿಯ ಕೆಳಗಿನ ಚರ್ಮವೆಲ್ಲ ಉರಿಗೆ ತಿರುಗಿತು. ಗಾಳಿ ಬೀಸಿದರೂ ಉರಿ, ನೂಲು ತಾಗಿದರೂ ಉರಿ. ಇದು ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ ಎಂದಳು ಡಾಕ್ಟರು. ಮುನಿಯಲ್ಲಮ್ಮನಿಗೆ ಉಳಿದುಬಿಟ್ಟಿತು.

ಕೈಗೆ ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸಬೇಕು. ಅಂಗಡಿ ತೆರೆಯುವ ಮೊದಲು ದಿನವೂ ಬ್ಯಾಟರಾಯಪ್ಪ ಅವಳ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟು ನಿಲ್ಲುತ್ತಿದ್ದ. ಎಲ್ಲಿಯವರೆಗೆ ಬಂತು ಎಂದು ತಿಳಿಯಲು ಅವಳು ಬೆರಳಿಗೆ ಅರಿಶಿನ ಮುಟ್ಟಿಸಿಕೊಳ್ಳುತ್ತಿದ್ದಳು. ಹಳದಿ ಗುರುತುಗಳು ಸೊಂಟದ ಮಟ್ಟದಿಂದ ಹೊರಟು ಎದೆಗೆ ಬಂದವು, ಹೆಗಲಿಗೆ ಬಂದವು, ಹಣೆಯ ಮಟ್ಟಕ್ಕೆ ಬಂದು ನಿಂತವು. ಅಲ್ಲಿಂದ ಮೊಳೆಗೆ ಒಂದು ಗೇಣು.

ಗಂಗರತ್ನಮ್ಮ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳುವಳು. "ಕೈ ಎಲ್ಲೀಗಂಟ ಬಂತೇ ಮುನಿ?"

"ಇನ್ನೊಂದು ಗೇಣೈತೆ ಅಕ್ಕಯ್ಯ."

ಸುರೇಶನ ಮದುವೆಗೆ ಮನೆಗೆ ಬಣ್ಣ ಹೊಡೆಸಿದಾಗ ಆ ಗುರುತುಗಳೆಲ್ಲ ಬಿಳಿಯ ಕೆಳಗೆ ಹೋದವು. ಮೊಳೆ ಉಳಿಯಿತು, ಹೊಸ ದಾರಕ್ಕೆ ಪೋಣಿಸಿದ ತಾಳಿ ಉಳಿಯಿತು. ಮುನಿಯಲ್ಲಮ್ಮ ಮತ್ತೆ ಗೋಡೆಗೆ ನಿಲ್ಲಲಿಲ್ಲ. ಸೊಸೆಯ ಮುಂದೆ ನಾಚಿಕೆ ಎಂದಳು. ಕೈ ಸೋತಿತು ಎಂದುಕೊಂಡ ಬ್ಯಾಟರಾಯಪ್ಪ ಒತ್ತಾಯ ಮಾಡಲಿಲ್ಲ.

ಅದರ ಮರುವರ್ಷ ತೀರಿಕೊಂಡವನು ಗಂಗರತ್ನಮ್ಮನ ಗಂಡ. ಅವಳು ತಾಳಿಯನ್ನು ಒಂದು ಗಳಿಗೆಯೂ ಕತ್ತಿನಿಂದ ಇಳಿಸಿರಲಿಲ್ಲ. ತಿಥಿ ಮುಗಿಯುವವರೆಗೆ ಮುನಿಯಲ್ಲಮ್ಮ ಅವಳ ಜೊತೆಯಲ್ಲೇ ಮಲಗಿದಳು. ಆಯಸ್ಸಿನ ಮಾತನ್ನು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಕೆಲವು ತಿಂಗಳು ಕಳೆದು ಗಂಗರತ್ನಮ್ಮ ಕೋಗಿಲಿಗೆ ಬಂದಾಗ, ಬಾಗಿಲಲ್ಲಿ ನಿಂತು, ಹಳೆಯ ಅಭ್ಯಾಸದಂತೆ ಕೇಳಿದಳು.

"ಎಲ್ಲೀಗಂಟ ಬಂತೇ?"

"ಇನ್ನೊಂದು ಗೇಣೈತೆ ಅಕ್ಕಯ್ಯ. ಬನ್ನಿ, ಮುದ್ದೆ ಬಿಸಿ ಐತೆ."

* * *

ಮುನಿಯಲ್ಲಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ತವರಿನ ಕಡೆಯಿಂದ ಬಂದ ಹಸಿರು ಸೀರೆ ಉಡಿಸಿ, ಮುಡಿಗೆ ಮಲ್ಲಿಗೆ ಇಟ್ಟಾಗಿತ್ತು. ಕುಂಕುಮದ ತಟ್ಟೆ ಹಿಡಿದ ಹೆಂಗಸರು ಗೋಡೆಯುದ್ದಕ್ಕೂ ಕಾದು ಕೂತಿದ್ದರು. ತಾಳಿಯ ತೀರ್ಮಾನ ಆಗದೆ ಕುಂಕುಮ ಇಡುವಂತಿಲ್ಲ, ಕುಂಕುಮ ಇಡದೆ ಎತ್ತುವಂತಿಲ್ಲ. ಮೇಲೆ ವಿಮಾನವೊಂದು ಇಳಿಯುವ ಸದ್ದಿಗೆ ಎಲ್ಲರೂ ಮಾತು ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಶುರು ಮಾಡಿದರು.

ಆ ಹೊತ್ತಿಗೆ ಆಟೋ ಇಳಿದು ನಜ್ಮುನ್ನೀಸಾ ಬಂದಳು. ಹಳೆಯ ಗೆಳತಿಯ ತಲೆಯ ಹತ್ತಿರ ಕೂತು, ತನ್ನ ದುಪಟ್ಟಾದ ಒಳಗಿನ ಬಲಗತ್ತನ್ನು ಒಮ್ಮೆ ಮುಟ್ಟಿಕೊಂಡು, ಅವಳ ಕತ್ತಿನ ಗೆರೆಯನ್ನು ನೋಡಿದಳು.

"ನಮ್ಮಿಬ್ಬರ ಹೊಲಿಗೆನೂ ಬಿಡ್ಲಿಲ್ಲ ನೋಡಿ," ಎಂದಳು ವನಿತಾಗೆ. "ಒಳ್ಳೇ ಟೈಲರು ಆ ಡಾಕ್ಟರಮ್ಮ. ಅದು ತಿರುಗಾ ಬಂದಿರಲಿಲ್ಲ ತಾನೇ?"

"ಇಲ್ಲಮ್ಮ."

"ಅಲ್‌ಹಮ್ದುಲಿಲ್ಲಾ. ಹಾಗಾದ್ರೆ ಗೆದ್ದೇ ಹೋದಳು."

ಬ್ಯಾಟರಾಯಪ್ಪ ಒಳಗೆ ಬಂದ. ಗಂಗರತ್ನಮ್ಮ ಬಾಗಿಲಿಂದಲೇ ಕೂಗಿದಳು. "ಬಾರ್ಲಾ. ತೆಗಿ ಅದನ್ನ. ಒತ್ತಾಗ್ತಾ ಬಂತು."

"ಅಕ್ಕ, ಮಾತು ಕೊಟ್ಟಿದ್ದೆ ನಾನು."

"ಅವಳ ಕೈ ಮುಟ್ಟಿದ್ರೆ ಅವಳೇ ಆಕ್ಕಂತಿದ್ಳು. ಮುಟ್ಲಿಲ್ಲ. ಇನ್ನು ಮುಟ್ಟೋದೂ ಇಲ್ಲ. ಆ ಒಂದು ಗೇಣನ್ನ ನೀನು ದಾಟಿಸ್ಬೇಕಪ್ಪ, ಇನ್ಯಾರು ದಾಟಿಸ್ತಾರೆ?"

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಅದಕ್ಕೇ ಬ್ಯಾಟರಾಯಪ್ಪನಿಗೆ ಎದುರಾಡಲಾಗಲಿಲ್ಲ. ಗೋಡೆಯ ಹತ್ತಿರ ಹೋಗಿ, ಕೈಯೆತ್ತಿ, ಮೊಳೆಯಿಂದ ತಾಳಿ ತೆಗೆದ. ತೆಗೆದವನು ಹಾಗೇ ನಿಂತ.

"ಏನಾಯ್ತಪ್ಪ?" ಎಂದ ಸುರೇಶ್.

ಬ್ಯಾಟರಾಯಪ್ಪ ಬೆರಳುಗಳನ್ನು ಬೆಳಕಿಗೆ ಹಿಡಿದ. ಎರಡು ಬೆರಳೂ ಹಳದಿ. ದಾರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅರಿಶಿನ ಇನ್ನೂ ಹಸಿ.

"ಯಾರಮ್ಮ ಇವತ್ತು ಇದಕ್ಕೆ ಅರಿಸ್ನ ಅಚ್ಚಿದ್ದು?"

ಹೆಂಗಸರೆಲ್ಲ ವನಿತಾಳ ಕಡೆ ನೋಡಿದರು.

"ನಾನಲ್ಲ ಮಾವ," ಎಂದಳು ವನಿತಾ. "ದಾರ ಯಾವಾಗ್ಲೂ ಹಳದಿಯಾಗೇ ಇರೋದು ನೋಡಿದ್ದೆ. ನೀವು ಮಾಡ್ತೀರಿ ಅಂದ್ಕೊಂಡಿದ್ದೆ."

"ನಾನು ನೀನು ಮಾಡ್ತೀಯ ಅನ್ಕೊಂಡಿದ್ದೆ."

ಅಷ್ಟರಲ್ಲಿ ನಜ್ಮುನ್ನೀಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಬ್ಯಾಟರಾಯಪ್ಪ ಅವಳ ಕಡೆ ತಿರುಗಿದ.

"ನಿನಗೆ ಗೊತ್ತೇನಮ್ಮ?"

"ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಳು ಅಣ್ಣ. ಇವತ್ತಿಗೆ ಆ ಆಣೆ ಮುಗೀತು ಅಂದ್ಕೊಳ್ತೀನಿ." ಅವಳು ಮುನಿಯಲ್ಲಮ್ಮನ ಮುಖ ನೋಡಿ, ಅಪ್ಪಣೆ ಸಿಕ್ಕಿತೆಂಬಂತೆ ತಲೆಯಾಡಿಸಿದಳು. "ನಿಮ್ಮ ಮಗನ ಮದುವೆ ಆದ ವರ್ಷ ಫೋನ್ ಮಾಡಿದ್ಳು. ನಜ್ಮಾ, ಕೈ ಮುಟ್ತು ಕಣೇ, ತುದಿಗಾಲಲ್ಲಿ ನಿಂತ್ರೆ ಮೊಳೆ ಸಿಗ್ತದೆ ಅಂದ್ಳು. ಸರಿ ಹಾಕ್ಕೊಂಡ್ಯಾ ಅಂದೆ. ಹಾಕ್ಕೊಂಡ್ಳಂತೆ. ಕೆಂಡ ಇಟ್ಟಂಗೆ ಆಯ್ತಂತೆ. ತಿರುಗಾ ತೆಗೆದು ಅಲ್ಲೇ ನೇತುಹಾಕಿದ್ಳು."

"ನಂಗೆ ಏಳ್ಬಾರ್ದಾ?"

"ನಿಮಗೆ ಹೇಳಿದ್ರೆ ಆಯ್ತಲ್ಲ! ನೀವು ಮಾತು ಕೊಟ್ಟಿದ್ರಿ, ಕೈ ಮುಟ್ಟಿದ ದಿನ ಹಾಕ್ಕೋತಾಳೆ ಅಂತ. ಮುಟ್ತು ಅಂದ್ರೆ ಹಾಕ್ಕೋಬೇಕು. ಅದಕ್ಕೆ, ಎಲ್ಲರಿಗೂ ಒಂದು ಗೇಣು ಉಳಿಸ್ಕೊಂಡಿವ್ನಿ ನಜ್ಮಾ, ಅಂದ್ಳು."

ನಜ್ಮುನ್ನೀಸಾ ಗೋಡೆಯ ಮೊಳೆಯನ್ನು ತೋರಿಸಿದಳು.

"ಶುಕ್ರವಾರ ಶುಕ್ರವಾರ ನೀವು ಅಂಗಡೀಲಿ, ಸೊಸೆ ಮಗೂನ ಸ್ಕೂಲಿಗೆ ಬಿಡೋಕೆ ಹೋಗಿರ್ತಿದ್ಳು. ಆವಾಗ ಸ್ನಾನ ಮಾಡಿ ಬಂದು, ತೆಗೆದು, ಅರಿಶಿನ ಹಚ್ಚಿ, ಕಣ್ಣಿಗೆ ಒತ್ಕೊಂಡು ವಾಪಸ್ ಹಾಕೋಳು. ಗೋಡೆಗೆ ಕಲೆ ಆಗ್ದಂಗೆ ಹಾಕ್ತೀನಿ ಅಂತ ಹೆಮ್ಮೆ ಬೇರೆ. ನಮ್ಮನೆಯವರೂ ಗಟ್ಟಿಮುಟ್ಟಾಗವ್ರೆ, ನನ್ನ ಕತ್ತೂ ತಣ್ಣಗೈತೆ, ಇನ್ನೇನು ಬೇಕು ಅನ್ನೋಳು."

ಬ್ಯಾಟರಾಯಪ್ಪ ಗೋಡೆಗೆ ಕೈ ಊರಿ ನಿಂತ. ಎದೆಯೊಳಗೆ ಬೆಳಗ್ಗಿನಿಂದ ಬಿಗಿದಿದ್ದ ಸುರುಳಿಯೊಂದು ಸಡಿಲವಾಗಿ, ತಂತಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿರುವ ಹಾಗಿತ್ತು. ಅವಳು ಕೊರಗಿರಲಿಲ್ಲ. ಈ ಬೆಳಗ್ಗೆಯೂ ತುದಿಗಾಲಲ್ಲಿ ನಿಂತು, ತೆಗೆದು, ಹಚ್ಚಿ, ಮತ್ತೆ ತೂಗುಹಾಕಿ, ಇಡ್ಲಿ ತಿನ್ನಲು ಹೋಗಿದ್ದಳು.

ಬಾಗಿಲಲ್ಲಿ ಗಂಗರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು. ವನಿತಾ ಎದ್ದು ಹೋಗಿ, "ಅಳ್ಬೇಡಿ ದೊಡ್ಡತ್ತೆ," ಎಂದು ಭುಜ ಹಿಡಿದಳು. ಹಿಡಿದ ಮೇಲೆ ತಿಳಿಯಿತು, ಅವಳು ಅಳುತ್ತಿರಲಿಲ್ಲ.

"ಕಳ್ಳಿ!" ಎಂದಳು ಗಂಗರತ್ನಮ್ಮ, ಸೆರಗು ತೆಗೆದು. "ಬಂದಾಗೆಲ್ಲ ನಂಗೆ ಗೇಣು ಗೇಣು ಅಂತ ಅಳತೆ ಏಳಿ ಕಳ್ಸಿದ್ಳಲ್ಲೇ ಈ ಕಳ್ಳಿ! ಮ್ಯಾಲೆ ಮುದ್ದೆ ಬೇರೆ ಇಕ್ಕಿ!"

ಮೊದಲು ನಕ್ಕಿದ್ದು ನಜ್ಮುನ್ನೀಸಾ. ಆಮೇಲೆ ಕುಂಕುಮದ ತಟ್ಟೆ ಹಿಡಿದ ಹೆಂಗಸರಲ್ಲಿ ಒಬ್ಬಳು, ಅವಳ ಪಕ್ಕದವಳು. ಹೊರಗೆ ಜಗಲಿಯ ಮೇಲಿದ್ದ ಗಂಡಸರು, ಹೆಣದ ಮನೆಯಲ್ಲಿ ಇದೇನು ನಗು ಎಂದು ಕಿಟಕಿಗೆ ಬಂದು ಇಣುಕಿದರು. ನಗುತ್ತಲೇ ಹೆಂಗಸರ ಕಣ್ಣು ತುಂಬಿತು. ಬೆಳಗ್ಗಿನಿಂದ ಬಾರದ ಅಳು ಆಗ ಬಂತು.

ಗಂಗರತ್ನಮ್ಮ ಕಣ್ಣೊರೆಸಿಕೊಂಡು ಮತ್ತೆ ಅಪ್ಪಣೆ ಕೊಟ್ಟಳು.

"ಲೇ ಬ್ಯಾಟ, ಕತ್ತಿಗೆ ಬ್ಯಾಡ ಬಿಡು. ತಾಳಿಬೊಟ್ಟು ಬಿಚ್ಚಿ ಇಟ್ಕೊ. ಅವಳು ಅಚ್ಚಿದ ಅದೇ ದಾರಕ್ಕೆ ಒಂದು ಅರಿಸ್ನದ ಕೊಂಬು ಸಿಗಿಸಿ ಬಲಗೈಗೆ ಕಟ್ಟು. ಕೆಲಸ ಮಾಡಿದ್ದು ಕೈ ತಾನೆ?"

"ಜನ ಏನಾರ ಅಂದಾರು ಅಕ್ಕ," ಎಂದ ತಮ್ಮ.

"ಯಾವ ಜನ? ನಾನೇ ಇಲ್ಲಿ ಜನ. ಕಟ್ಟು."

ಬ್ಯಾಟರಾಯಪ್ಪ ಹೆಂಡತಿಯ ಪಕ್ಕ ಕೂತು, ಅವಳ ಬಲ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟ. ಇಡುವ ಜಾಗ ಅವನ ಕೈಗೆ ನೆನಪಿತ್ತು. ನಜ್ಮುನ್ನೀಸಾ ಮುಂಗೈ ಹಿಡಿದುಕೊಂಡಳು. ಅವನು ಹಳದಿ ಬೆರಳುಗಳಿಂದ ಮೂರು ಗಂಟು ಹಾಕಿದ. ವನಿತಾ ಎರಡು ಚಿನ್ನದ ಬೊಟ್ಟುಗಳನ್ನು ಹೊಸ ದಾರಕ್ಕೆ ಪೋಣಿಸಿ ಕೊಟ್ಟಳು. ಎಲ್ಲಿಡಲಿ ಎಂದು ಯಾರನ್ನೂ ಕೇಳದೆ ಅವನು ಎದ್ದು ಅದನ್ನು ಮೊಳೆಗೆ ಹಾಕಿದ. ಹೆಂಗಸರು ಸಾಲಾಗಿ ಬಂದು ಮುನಿಯಲ್ಲಮ್ಮನ ಹಣೆಗೆ ಕುಂಕುಮ ಇಟ್ಟು, ಅಲ್ಲಿಂದಲೇ ತಮ್ಮ ಹಣೆಗೂ ಇಟ್ಟುಕೊಂಡರು.

* * *

ಚಟ್ಟ ಬೀದಿಯ ತಿರುವು ದಾಟಿತು. ತಮಟೆಯ ಸದ್ದು ಹಳೇ ತೋಟದ ಕಡೆಗೆ ಸಣ್ಣದಾಗುತ್ತ ಹೋಯಿತು. ಮೊಣಕಾಲು ನೋವಿನ ಗಂಗರತ್ನಮ್ಮ ಮನೆಯಲ್ಲೇ ಉಳಿದಳು. ವನಿತಾ ನೆಲ ತೊಳೆಯಲು ಹಿತ್ತಲಿನಿಂದ ಬಕೆಟ್ಟು ತಂದು ನಡುಮನೆಯ ಹೊಸ್ತಿಲಲ್ಲಿ ನಿಂತಳು.

ಗಂಗರತ್ನಮ್ಮ ಊರುಗೋಲನ್ನು ಗೋಡೆಗೆ ಒರಗಿಸಿದ್ದಳು. ದೇವರ ಗೂಡಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಬಲಗೈಯನ್ನು ಬಿಳಿ ಬಣ್ಣದ ಮೇಲೆ ಇಟ್ಟು, ಬೆರಳುಗಳನ್ನು ಇರುವೆಯ ಹಾಗೆ ಒಂದೊಂದಾಗಿ ಮೇಲಕ್ಕೆ ಹತ್ತಿಸುತ್ತಿದ್ದಳು. ಎದೆ ದಾಟಿತು. ಹೆಗಲು ದಾಟಿತು. ಯಾವ ಡಾಕ್ಟರೂ ಮುಟ್ಟದ ಹೆಗಲು ಅದು. ಹಣೆಯ ಮಟ್ಟಕ್ಕೆ ಬಂದು ನಿಂತಿತು. ಅವಳು ಹಿಮ್ಮಡಿ ಎತ್ತಿ ನೋಡಿದಳು. ಮೊಳೆ ಸಿಗಲಿಲ್ಲ. ಮೇಲೆ ಫ್ಯಾನಿನ ಗಾಳಿಗೆ ಹೊಸ ದಾರದ ತಾಳಿ ಮೆಲ್ಲಗೆ ತೂಗುತ್ತಿತ್ತು.

"ಎಲ್ಲೀಗಂಟ ಬಂತೇ?" ಎಂದಳು, ಗೋಡೆಗೇ ಮುಖ ಮಾಡಿಕೊಂಡು.

ವನಿತಾ ಬಕೆಟ್ಟು ಕೆಳಗಿಟ್ಟಳು.

"ಇನ್ನೊಂದು ಗೇಣಿದೆ ದೊಡ್ಡತ್ತೆ," ಎಂದು ಹತ್ತಿರ ಹೋಗಿ, ಆ ಮುದಿ ಮೊಣಕೈ ಕೆಳಗೆ ತನ್ನ ಒದ್ದೆ ಅಂಗೈ ಇಟ್ಟಳು.